ನನ್ನ ಪೇಟಿಯಲ್ಲಿ ಇರದ ಗಂಧಾರ

ಗಂಗವ್ವನ ಗಂಧಾರ ಬೇಸೂರಾಗಿರಲಿಲ್ಲ. ಬೇಸೂರ, ಅಪಸ್ವರ ಎಂದವನು ನಾನು—ಸುಳ್ಳು ಎಂದು ಗೊತ್ತಿದ್ದೇ ಅಂದೆ. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನ ಬಾಯಿಂದ ಆ ಒಂದು ಮಾತು ಬಿದ್ದರೆ ಹಾಡುವವರ ಕಥೆ ಮುಗಿದಂತೆಯೇ, ಅದೂ ಗೊತ್ತಿತ್ತು. ಹೋದ ಸುಗ್ಗಿಯ ತನಕ ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ಹೆಂಡತಿಗೆ ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಅವಳು ಹೋಗಿಯೇ ಆರು ವರ್ಷವಾಯಿತು. ಈಗ ನನಗೆ ಎಪ್ಪತ್ತೊಂಬತ್ತು. ಬೆರಳುಗಳು ಪೇಟಿಯ ಮೇಲೆ ಮಾತು ಕೇಳುವುದಿಲ್ಲ, ಪೆನ್ನಿನ ಮೇಲೆ ಇನ್ನೂ ಸ್ವಲ್ಪ ಕೇಳುತ್ತವೆ.

ಎಪ್ಪತ್ತರ ದಶಕದ ನಡುವಿನ ಸಂಗತಿ. ನಾನು ಸುರೇಬಾನದವನು. ಮನೆಯಲ್ಲಿ ಕಾಳುಕಡಿಯ ವ್ಯಾಪಾರ. ನನಗೆ ತಕ್ಕಡಿಗಿಂತ ಹಾರ್ಮೋನಿಯಂ ಹಿಡಿಸಿತು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಅಪ್ಪ "ಹಾಳಾಗಿ ಹೋಗು" ಅಂದ, ನಾನು ಕಂಪನಿ ಸೇರಿದೆ. ಆ ವರ್ಷ ನಮ್ಮ ಕ್ಯಾಂಪು ಬೈಲಹೊಂಗಲದಲ್ಲಿತ್ತು. ಹತ್ತಿ, ಜೋಳ ಮಾರಲು ಬಂದ ರೈತರು ಚಕ್ಕಡಿ ಬಿಟ್ಟು ನೇರ ನಾಟಕಕ್ಕೆ ಬರುತ್ತಿದ್ದರು. ತಗಡಿನ ಥೇಟರು ತುಂಬುತ್ತಿತ್ತು.

ಗಂಗವ್ವ ಮನೋಳಿಯ ಊರ ಹೊರಗಿನ ಕೇರಿಯ ಹುಡುಗಿ. ಇಪ್ಪತ್ತೆರಡರ ಪ್ರಾಯ. ಅವಳದು ದಾಸಿಯ ಪಾರ್ಟು—ತಂಬಿಗೆ ತಂದಿಡುವುದು, "ಅಪ್ಪಣೆ, ಮಹಾರಾಣಿ" ಎಂದು ಹಿಂದೆ ಸರಿಯುವುದು, ಅಷ್ಟೇ. ಹೊಸ ನಾಟಕವೊಂದರ ತಾಲೀಮು ನಡೆದಿತ್ತು. ಅದರಲ್ಲಿ ಕೂಸನ್ನು ಕಳೆದುಕೊಂಡ ತಾಯಿಯ ಹಾಡೊಂದಿತ್ತು. ಒಂದು ಮಧ್ಯಾಹ್ನ ನಾಯಕಿಗೆ ಗಂಟಲು ಕಟ್ಟಿತು, ಬರಲಿಲ್ಲ. ಕಂಪನಿಯ ಮಾಲಕರು ಸುಮ್ಮನೆ ಜಾಗ ತುಂಬಲೆಂದು ಗಂಗವ್ವನನ್ನು ನಿಲ್ಲಿಸಿದರು.

ಪಲ್ಲವಿ "ಕಂದಾ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ನಿಲ್ಲುವ ಸ್ವರ ಗಂಧಾರ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಎಷ್ಟು ದೊಡ್ಡದೆಂದು ನಿಮಗೆ ತಿಳಿಯುವುದಿಲ್ಲ. ಗಂಧಾರ ಎರಡು—ಕೋಮಲ, ಶುದ್ಧ. ಪೇಟಿಯಲ್ಲಿ ಒಂದು ಕರಿ ಮನೆ, ಪಕ್ಕದ್ದೇ ಬಿಳಿ ಮನೆ. ಕೋಮಲ ಒತ್ತಿದರೆ ಸಾಲಿಗೆ ದುಃಖ ಬರುತ್ತದೆ. ಅದೇ ಸಾಲಿಗೆ ಶುದ್ಧ ಒತ್ತಿ ನೋಡಿ, ಮದುವೆಮನೆಯ ಹಾಡಾಗುತ್ತದೆ. ಒಂದು ಬೆರಳಿನ ಅಂತರ, ಅಷ್ಟೇ. ನಾನು ಈ ಹಾಡನ್ನು ಕೋಮಲಕ್ಕೆ ಕೂಡಿಸಿದ್ದೆ. ಗಂಗವ್ವ ಕೋಮಲದಲ್ಲೇ ಹಿಡಿದಳು—ಆದರೆ ಅಲ್ಲಿ ನಿಲ್ಲಲಿಲ್ಲ. ಮೆಲ್ಲಗೆ ಮೇಲಕ್ಕೆ ಎಳೆದಳು, ಶುದ್ಧವನ್ನು ಮುಟ್ಟಲಿಲ್ಲ, ನಡುವೆ ಎಲ್ಲೋ ನಿಂತು ನಡುಗಿ ಕೆಳಗಿಳಿದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕುಳಿತು, ಅವರ ಗುಣ ಹಾಡಿಕೊಂಡು ಅಳುತ್ತಾರೆ. ಅದೇ ಎಳೆತ.

ಪರದೆ ಹೊಲಿಯುತ್ತಿದ್ದವನು ಹೊಲಿಗೆ ನಿಲ್ಲಿಸಿದ. ಮಾಲಕರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನನ್ನ ಬೆರಳು ಮಾತ್ರ ಕರಿ ಮನೆಯಿಂದ ಬಿಳಿ ಮನೆಗೆ, ಬಿಳಿಯಿಂದ ಕರಿಗೆ ಓಡುತ್ತಿತ್ತು. ಎರಡೂ ಅಲ್ಲ! ದನಿ ಜಾರಬಲ್ಲದು, ಪೇಟಿ ಜಾರಲಾರದು. ನಾನು ಒತ್ತಿದ್ದೆಲ್ಲ ಅವಳ ದನಿಯ ಪಕ್ಕದಲ್ಲಿ ಕಿರುಗುಟ್ಟಿತು. ತಬಲಾದ ಮೌಲಾಸಾಬ ನನ್ನ ಏಳು ವರ್ಷದ ಜೋಡಿ, ಚೇಷ್ಟೆಯ ಮನುಷ್ಯ. ಎಲ್ಲರಿಗೂ ಕೇಳುವಂತೆ ಅಂದ:

"ಏನ್ರಿ ಮಾಸ್ತರ, ಹುಡುಗಿ ನಿಮ್ಮ ಪೇಟಿಗೆ ಸಿಗವಲ್ಲಳಲ್ಲರೀ!"

ಎಲ್ಲರೂ ನಕ್ಕರು. ಗಂಗವ್ವ ನಗಲಿಲ್ಲ, ಹೆದರಿ ನನ್ನ ಮುಖ ನೋಡಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗುರುಗಳು ಮೊದಲ ವರ್ಷವೇ ಹೇಳಿಕೊಟ್ಟಿದ್ದರು—ದನಿ ಹೋದಲ್ಲಿಗೆ ಪೇಟಿ ಹೋಗಲಾರದಿದ್ದರೆ ಬೆರಳು ತೆಗೆಯಬೇಕು, ಷಡ್ಜವೊಂದನ್ನೇ ಹಿಡಿದು ಸುಮ್ಮನೆ ಕೂರಬೇಕು. ಅಷ್ಟು ಮಾಡಿದ್ದರೆ ಸಾಕಿತ್ತು. ಆ ಹಾಡಿಗೆ ನನ್ನಿಂದ ಬೇಕಾಗಿದ್ದುದು ಸುಮ್ಮನಿರುವುದು—ಅದೊಂದು ನನ್ನಿಂದಾಗಲಿಲ್ಲ.

"ಹೆಂಗ ಮಾಸ್ತರ?" ಎಂದರು ಮಾಲಕರು. "ಕಿತ್ತೂರ ಕ್ಯಾಂಪಿಗೆ ಈ ಪಾರ್ಟು ಇಕಿಗೇ ಕೊಡೂಣೇನು?"

"ದನಿ ಚಲೋ ಐತ್ರಿ ಮಾಲಕರ," ಎಂದೆ. "ಆದರ ಬೇಸೂರ ಐತಿ."

ಮೌಲಾಸಾಬ ತಲೆಯೆತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ನಗೆ ಇರಲಿಲ್ಲ. ಸ್ವರದ ವಿಷಯದಲ್ಲಿ ಪೇಟಿ ಮಾಸ್ತರನ ಮಾತೇ ಕೊನೆಯದು. ಅವನು ತಬಲಾಕ್ಕೆ ಗವಸು ಹಾಕತೊಡಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ—ಆ ಗಾದೆ ಕೇಳಿ ಎಷ್ಟು ಸಲ ನಕ್ಕಿದ್ದೇನೆ! ನಾನು ನೆಲಕ್ಕೆ ಅಂದಿದ್ದರೆ ನೆಲಕ್ಕೇನೂ ಆಗುತ್ತಿರಲಿಲ್ಲ. ಮನುಷ್ಯಳಿಗೆ ಅಂದೆ. ಮತ್ತೊಂದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಬರಹವೂ ಸುಳ್ಳಾಗುತ್ತದೆ. ಕೇರಿಯ ಹುಡುಗಿಯ ಮುಂದೆ ನಾನು ಸೋತೆನಲ್ಲ ಎಂಬುದೂ ಆ ಉರಿಯಲ್ಲಿತ್ತು. ನಮ್ಮ ಓಣಿಯ ಹುಡುಗಿಯಾಗಿದ್ದರೆ ಬಹುಶಃ... ಬಹುಶಃ ಏನು, ಖಂಡಿತ, ಅಷ್ಟು ಸಲೀಸಾಗಿ ಅಂದಿರುತ್ತಿರಲಿಲ್ಲ.

ಮಾಲಕರಿಗೆ ಆ ದನಿ ಬಿಡಲು ಮನಸ್ಸಿರಲಿಲ್ಲ. "ಹಂಗಾದ್ರ ನೀವ ತಿದ್ದರಿ," ಎಂದರು. ತಿದ್ದಿದೆ! ಮೂರು ವಾರ, ದಿನಾ ಮುಂಜಾನೆ ಅವಳನ್ನು ಪೇಟಿಯ ಮುಂದೆ ಕೂರಿಸಿ, ಕರಿ ಮನೆಯನ್ನು ಒತ್ತಿ ಹಿಡಿದು, ಅದೊಂದನ್ನೇ ಹಾಡಿಸಿದೆ. ದನಿ ಸ್ವಲ್ಪ ಮೇಲಕ್ಕೆ ಹೊರಳಿದರೆ ನೆಲಕ್ಕೆ ಕೈ ಬಡಿಯುತ್ತಿದ್ದೆ.

"ಎಳೀಬ್ಯಾಡ ಅಂದ್ನಿಲ್ಲ? ಹಾಡಾಕ ಹತ್ತಿಯೋ, ಅಳಾಕ ಹತ್ತಿಯೋ?"

"ಮತ್ತ ಕೂಸು ಸತ್ತೈತಲ್ಲರೀ ಮಾಸ್ತರ..." ಎಂದಿದ್ದಳು ಒಮ್ಮೆ, ಬಹಳ ಸಣ್ಣ ದನಿಯಲ್ಲಿ.

"ಬಾಯಿ ಮುಚ್ಚಿ ಸೂರ ಹಿಡಿ," ಎಂದೆ. ಬಾಯಿ ಮುಚ್ಚಿ ಸೂರ ಹಿಡಿಯಬೇಕಂತೆ! ಥೂ ನನ್ನ ಜನ್ಮಕ್ಕೆ.

ಜಾಣ ಹುಡುಗಿ, ಕಲಿತಳು. ಮೂರನೆಯ ವಾರದ ಕೊನೆಗೆ ಅವಳ ಗಂಧಾರ ನನ್ನ ಕರಿ ಮನೆಯ ಮೇಲೆ ಬಂದು ಅಲುಗಾಡದೆ ಕುಳಿತಿತು. ಎಲ್ಲ ಸ್ವರ ಸರಿ, ತಾಳ ಸರಿ, ಮಾತು ಸ್ಪಷ್ಟ—ಶಾಲೆಯ ಹುಡುಗಿ ಮಗ್ಗಿ ಒಪ್ಪಿಸಿದಂತೆ ಕೇಳುತ್ತಿತ್ತು. ಹಾಡು ಸತ್ತಿದ್ದು ನನಗೆ ಆಗಲೇ ತಿಳಿಯಿತು. ಸಮಾಧಾನವೂ ಆಯಿತು. ಹೌದು, ಸಮಾಧಾನ.

ಕಿತ್ತೂರಿನ ಮೊದಲ ಪ್ರಯೋಗದಲ್ಲಿ ಎರಡನೆಯ ನುಡಿಗೇ ಜನ ಕೆಮ್ಮತೊಡಗಿದರು. ಹಿಂದಿನಿಂದ ಯಾರೋ ಸೀಟಿ ಹೊಡೆದು "ಸಾಕ ಬಿಡವಾ!" ಎಂದು ಕೂಗಿದರು. ಗಂಗವ್ವ ಹಾಡು ನಿಲ್ಲಿಸಲಿಲ್ಲ. ಕೊನೆಯ ತನಕ ನನ್ನ ಬೆರಳನ್ನೇ ನೋಡುತ್ತ, ನಾನು ಕಲಿಸಿದ ಹಾಗೆಯೇ ಹಾಡಿದಳು. ಮರುದಿನ ಮಾಲಕರು ಪಾರ್ಟು ಕಸಿದುಕೊಂಡರು. ದಾಸಿಯ ಪಾರ್ಟಿಗೂ ಅವಳು ಉಳಿಯಲಿಲ್ಲ. ಬಟ್ಟೆಯ ಗಂಟು ಹಿಡಿದು ಹೊರಟಾಗ ನನ್ನ ಹತ್ತಿರ ಬಂದು ಕಾಲು ಮುಟ್ಟಿದಳು.

"ನೀವರ ಭಾಳ ಕಷ್ಟಪಟ್ರಿ ಮಾಸ್ತರ. ನನ್ನ ಗಂಟಲದಾಗ ಸೂರ ಇಲ್ಲ, ನೀವೇನ ಮಾಡತೀರಿ."

ಆಗ ಹೇಳಬಹುದಿತ್ತು. ಕಾಲು ಹಿಂದೆಗೆಯಬಹುದಿತ್ತು, ಅಷ್ಟಾದರೂ... "ಚಂದಾಗಿ ಇರು" ಎಂದು ಆಶೀರ್ವಾದ ಮಾಡಿದೆ.

ಕಂಪನಿ ಮುಳುಗಿತು. ಸುರೇಬಾನಕ್ಕೆ ಮರಳಿ ಅಂಗಡಿಯಲ್ಲೇ ಕುಳಿತೆ. ಭಜನೆಗೆ ಪೇಟಿ ಬಾರಿಸುತ್ತಿದ್ದೆ. ಗಂಧಾರ ಬಂದಾಗಲೆಲ್ಲ ಬೆರಳು ಅಳುಕುತ್ತಿತ್ತು. ಮೂರು ವರ್ಷದ ಹಿಂದೆ ಮೌಲಾಸಾಬನನ್ನು ನೋಡಲು ರಾಮದುರ್ಗಕ್ಕೆ ಹೋದೆ. ಹಾಸಿಗೆ ಹಿಡಿದಿದ್ದ. ಸುಖದುಃಖ ಮಾತಾಡಿ ಏಳುವ ಹೊತ್ತಿಗೆ ಕೈ ಹಿಡಿದುಕೊಂಡ.

"ಅಕಿ ಬೇಸೂರ ಇರಲಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಾ ಏಳಾಂಗಿಲ್ಲ. ನೀ ಹೋಗಿ ಹೇಳಿ ಬಾ."

ಅವನು ತೀರಿಕೊಂಡ ಮೇಲೂ ಎರಡು ವರ್ಷ ತಳ್ಳಿದೆ. ಹೋದ ಸುಗ್ಗಿಯಲ್ಲಿ, ಕೊನೆಗೂ, ಮನೋಳಿಯಲ್ಲಿ ಬಸ್ಸಿಳಿದು ಮನೆ ಕೇಳಿಕೊಂಡು ಹೋದೆ. ಗಂಗವ್ವ ಮಾರುವುದಕ್ಕೆಂದು ರೊಟ್ಟಿ ಬಡಿಯುತ್ತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಅಯ್ಯ, ಮಾಸ್ತರ! ಬರ್ರಿ, ಕುಂದರ್ರಿ. ಬಿಸಲಾಗ ಬಂದೀರಿ."

ನೀರು ಕೊಟ್ಟಳು, ಚಹಾ ಕೊಟ್ಟಳು. ಮಾತು ಹೇಗೆ ತೆಗೆಯಬೇಕೋ ತಿಳಿಯದೆ "ಈಗ ಹಾಡತಿ ಏನವಾ?" ಎಂದು ಕೇಳಿದೆ.

"ಅವತ್ತ ಹಾಡೂದು ಬಿಟ್ಟೇನ್ರಿ," ಎಂದು ನಕ್ಕಳು. "ಬೇಸೂರ ಹಾಡಿ ಮಂದಿ ಕಡೆ ನಗಸ್ಕೊಳ್ಳಲ್ಯಾ?" ಸ್ವಲ್ಪ ಹೊತ್ತು ಹಿಟ್ಟು ನಾದಿದಳು. "ನಮ್ಮವ್ವ ಸತ್ತಾಗ ಎಲ್ಲಾರೂ ಹಾಡಿಕೊಂಡು ಅತ್ತರು. ಮಗಳು ನೀ ದನಿ ತಗಿ, ನೀ ತಗಿ ಅಂದ್ರು. ನನಗ ಹಂಗ ಹಾಡಿ ಅಳೂದು ಕಲಿಸಿದಾಕಿನ ಅಕಿ. ಅಕಿ ಮುಂದ ಬೇಸೂರ ಹೆಂಗ ತಗೀಲ್ರಿ? ಬಾಯಾಗ ಸೆರಗು ತುರಕ್ಕೊಂಡು ಕುಂತೆ. ಮಗಳು ಕಲ್ಲಂಥಾಕಿ ಅಂದ್ರು ಮಂದಿ."

ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ಹೇಳಿದೆ—ಎಲ್ಲವನ್ನೂ, ಒಂದನ್ನೂ ಬಿಡದೆ. ನಿನ್ನ ಸೂರ ಖರೇ ಇತ್ತು, ಅದಕ್ಕೆ ನನ್ನ ಪೇಟಿಯಲ್ಲಿ ಮನೆ ಇರಲಿಲ್ಲ, ನನಗದು ಆ ಮಧ್ಯಾಹ್ನವೇ ಗೊತ್ತಿತ್ತು ಎಂದೆ. ಬೈಯುತ್ತಾಳೆ, ಹೊರಗೆ ನಡಿ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಗೆ ಹತ್ತಿದ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿದಳು.

"ಮತ್ತ ಇದನ್ನ ನಮ್ಮವ್ವಗ ಯಾರು ಹೇಳವ್ರು, ಮಾಸ್ತರ?"

ಕ್ಷಮೆ ಕೇಳಲು ಹೋಗಿದ್ದೆ. ಆ ಮಾತನ್ನು ಆಡದೆಯೇ ಎದ್ದು ಬಂದೆ.