ಬಕೆಟ್ ಬಿದ್ದ ದಿನ

ಬಣ್ಣ ಬಳಿಯುವ ಗೋಡೆಯಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದಲ್ಲ. ಒಡಹುಟ್ಟಿದ ತಮ್ಮ ಎದುರಿಗೆ ಬಂದರೆ ಸಾಕು, ಗೋಡೆಯಾಗಿಬಿಡುತ್ತಿದ್ದ. ಆರು ವರ್ಷದಿಂದ ಮಾತಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಆದರೆ ಈ ದಾಯಾದಿಗಳ ಗ್ರಹಚಾರ ನೋಡಿ: ಎತ್ತರದ ಕಟ್ಟಡಗಳ ಹೊರಗೆ ತೂಗುಹಲಗೆಯ ಮೇಲೆ ನಿಂತು ಬಣ್ಣ ಹೊಡೆಯಬಲ್ಲವರು ಕಂಟ್ರಾಕ್ಟರನ ಆಳುಗಳಲ್ಲಿ ಅವರಿಬ್ಬರೇ. ಹಲಗೆಯ ಆ ತುದಿಗೊಬ್ಬ, ಈ ತುದಿಗೊಬ್ಬ, ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಹಗ್ಗ. ಸಮವಾಗಿ ಬಿಟ್ಟರೆ ಹಲಗೆ ಇಳಿಯುತ್ತದೆ, ಇಲ್ಲದಿದ್ದರೆ ಮಗುಚುತ್ತದೆ. ಮಾತು ಬಿಟ್ಟವರು ಅದಕ್ಕೂ ಉಪಾಯ ಹುಡುಕಿದ್ದರು. ಬ್ರಶ್ಶಿನ ಹಿಡಿಯಿಂದ ಬಕೆಟ್ಟಿಗೆ ಒಂದು ಏಟು ಹೊಡೆದರೆ ಇಳಿಸು, ಎರಡು ಏಟಿಗೆ ನಿಲ್ಲಿಸು.

ಎಲ್ಲಕ್ಕೂ ಕಾರಣ ಒಂದು ಮಾತು. ಗೋಡೆಯಣ್ಣ ಮೇಸ್ತ್ರಿಯಾಗಬೇಕಿತ್ತು. ತಮ್ಮ ಹೋಗಿ ಕಂಟ್ರಾಕ್ಟರಿಗೆ, "ನಮ್ಮಣ್ಣಂಗೆ ಸಿಟ್ಟು ಬಂದ್ರೆ ಕೈ ನಡುಗುತ್ತೆ" ಅಂದ. ಮೇಸ್ತ್ರಿಗಿರಿ ಮೂರನೆಯವನ ಪಾಲಾಯಿತು. ಅಂದಿನಿಂದ ಗೋಡೆಯಣ್ಣ ಹಲ್ಲು ಮಸೆಯುತ್ತಿದ್ದ. ಬೇರೇನೂ ಬೇಡ, ಈ ಮನೆಮುರುಕನ ಕೈ ಒಂದು ದಿನ ಎಲ್ಲರೆದುರು ನಡುಗಬೇಕು, ನಾನದನ್ನು ಕಣ್ಣಾರೆ ನೋಡಬೇಕು. ಕೂತರೂ ನಿಂತರೂ ಅದೇ ಧ್ಯಾನ.

"ಊಟಾನಾದ್ರೂ ಹಲ್ಲು ಕಡೀದೆ ಮಾಡಿ," ಅನ್ನುತ್ತಿದ್ದಳು ಹೆಂಡತಿ.

ಒಂದು ಬೆಳಿಗ್ಗೆ ಬಯಸಿದ್ದು ಕೈಗೂಡಿತು. ಏಳನೇ ಮಹಡಿಯ ಎತ್ತರದಲ್ಲಿ ತಮ್ಮನ ಹಗ್ಗದ ಗಂಟು ಬಿಚ್ಚಿಕೊಂಡು ಅವನ ತುದಿ ಧಡಕ್ಕನೆ ಒಂದು ಮಾರು ಕುಸಿಯಿತು. ಬಕೆಟ್ ಉರುಳಿ ಕೆಳಗೆ ಹೋಯಿತು. ತಮ್ಮ ಹೇಗೋ ಹಗ್ಗವನ್ನು ಹಲಗೆಯ ಕೊಕ್ಕೆಗೆ ಒಂದು ಸುತ್ತು ಸುತ್ತಿ ಹಿಡಿದ, ಹಿಡಿದವನು ಅಲ್ಲೇ ಕಲ್ಲಾದ. ಸೊಂಟಕ್ಕೆ ಕಟ್ಟಬೇಕಾದ ಬೆಲ್ಟುಗಳು ಕಂಟ್ರಾಕ್ಟರನ ಗೋದಾಮಿನಲ್ಲಿ ಸುರಕ್ಷಿತವಾಗಿದ್ದವು. ಕೆಳಗೆ ಜನ ಸೇರಿದರು, ಕಂಟ್ರಾಕ್ಟರೂ ಓಡಿ ಬಂದ. ಎಲ್ಲರೆದುರು ತಮ್ಮನ ಕೈ ಗಡಗಡ ನಡುಗುತ್ತಿತ್ತು.

ನಡುಗು ಮಗನೇ, ಚೆನ್ನಾಗಿ ನಡುಗು, ಅಂದುಕೊಂಡ ಗೋಡೆಯಣ್ಣ. ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಆಗಲೇ ಅವನ ಅಂಗೈಯಲ್ಲಿ ಹಗ್ಗ ಸರ್ರನೆ ಜಾರಿತು. ಹಲಗೆ ಕುಲುಕಿ, ತಮ್ಮನ ಕೊಕ್ಕೆಯ ಸುತ್ತು ಇನ್ನಷ್ಟು ಸಡಿಲವಾಯಿತು. ನೋಡಿದರೆ ಗೋಡೆಯಣ್ಣನ ಕೈಯೂ ನಡುಗುತ್ತಿದೆ. ಹೆದರಿಕೆಗಲ್ಲ, ಸಿಟ್ಟಿಗೆ. ಹಾಗಾದರೆ ಈ ಹಾಳಾದವನು ಅಂದದ್ದು ಸುಳ್ಳಲ್ಲ. ಬಿದ್ದು ಸಾಯುವುದಕ್ಕಿಂತ ಕಹಿಯಾದ ಈ ಸತ್ಯವನ್ನು ನುಂಗಲೂ ಈಗ ಪುರುಸೊತ್ತಿಲ್ಲ. ಆರು ವರ್ಷದ ದ್ವೇಷ, ಕೆಳಗಿನ ಜನ, ಕೈತಪ್ಪಿದ ಮೇಸ್ತ್ರಿಗಿರಿ, ಎಲ್ಲ ಹಾಳಾಗಿ ಹೋಗಲಿ ಅಂದುಕೊಂಡ. ತನ್ನ ಕೊಕ್ಕೆಯ ಮೇಲೆ ಹಗ್ಗ ಬಾಗುವ ಜಾಗವೊಂದನ್ನೇ ನೋಡಿದ. ತನ್ನ ತುದಿಯನ್ನು ಅಂಗುಲ ಅಂಗುಲವಾಗಿ ಇಳಿಸಿ ಹಲಗೆಯನ್ನು ಸಮಕ್ಕೆ ತಂದ. ಇನ್ನು ಇಬ್ಬರೂ ಒಟ್ಟಿಗೆ ಬಿಡಬೇಕು. ಬಡಿದು ಹೇಳೋಣವೆಂದರೆ ಬಕೆಟ್ ಇಲ್ಲ.

"ಕೆಳಗೆ ನೋಡ್ಬೇಡ ಕಣೋ," ಅಂದ. "ನನ್ನ ಕೈ ನೋಡು. ನಾನು ಬಿಟ್ಟಷ್ಟೇ ಬಿಡು."

ತಮ್ಮ ನೋಡಿದ. ಅಣ್ಣನ ಕೈ ನಡುಗುತ್ತಿರಲಿಲ್ಲ.

ನೆಲ ಮುಟ್ಟಿದ ಕೂಡಲೇ ಕಂಟ್ರಾಕ್ಟರ್ ಕೇಳಿದ: "ಯಾರ ಕೈ ತಪ್ಪಿದ್ದು?"

ಆರು ವರ್ಷದಿಂದ ಕಾದಿಟ್ಟ ಉತ್ತರ ಗೋಡೆಯಣ್ಣನ ನಾಲಿಗೆಯ ತುದಿಯಲ್ಲಿತ್ತು. ತಮ್ಮ ತಲೆ ತಗ್ಗಿಸಿ ನಿಂತಿದ್ದ.

"ಹಗ್ಗ ಸವೆದಿದೆ. ಬೇರೆ ತರಿಸಿ, ಬೆಲ್ಟೂ ಕೊಡಿ," ಅಂದ ಗೋಡೆಯಣ್ಣ. ಆಮೇಲೆ ತಮ್ಮನ ಕಡೆ ತಿರುಗಿದ. "ನಿಂತಿರೋದೇನು? ಹೋಗಿ ಇನ್ನೊಂದು ಬಕೆಟ್ ತಾ."

ತಮ್ಮನ ಕಣ್ಣು ತುಂಬಿತು. "ಇನ್ನು ಬಕೆಟ್ ಯಾಕಣ್ಣ? ಬಾಯಲ್ಲೇ ಹೇಳು."

"ಬಣ್ಣ ಏನು ನಿನ್ನ ತಲೇಲಿ ಕಲಸ್ಲಾ?" ಅಂದ ಅಣ್ಣ.