ಎಣ್ಣೆಯಲ್ಲಿ ಇಳಿದ ಕೆಂಪು

ಮೊನ್ನೆ ಮೊಮ್ಮಗಳು ಬಿಸಿ ಶೇಂಗಾ ಎಣ್ಣೆಗೆ ಖಾರದಪುಡಿ ಉದುರಿಸಿದಳು. ಘಮ್ಮೆಂದು ವಾಸನೆ ಎದ್ದಿತು, ಎಣ್ಣೆ ಕೆಂಪಗಾಯಿತು. ಬಳ್ಳಾರಿಯ ನಮ್ಮ ಪಕ್ಕದ ಮನೆಯ ಟೀಚರಮ್ಮ ನೆನಪಾದರು...

ಸ್ವಾತಂತ್ರ್ಯ ಬಂದ ಹೊಸತು. ಸಿರಿಗೇರಿಯಿಂದ ಬಳ್ಳಾರಿಯ ಎಣ್ಣೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದಿದ್ದೆ. ಚೊಚ್ಚಲ ಬಸಿರು. ಐದಾರು ತಿಂಗಳಾಗುವ ಹೊತ್ತಿಗೆ ಸಂಜೆಯಾದರೆ ನನಗೆ ಕಣ್ಣು ಕಾಣದಾಯಿತು. ದೀಪವಿದ್ದರೂ ಗೋಡೆ ಸವರಿಕೊಂಡು ನಡೆಯುತ್ತಿದ್ದೆ. ಹುಟ್ಟುವ ಕೂಸಿನ ಮುಖ ಹಗಲಲ್ಲಿ ಮಾತ್ರ ಕಾಣುತ್ತದೋ, ಮುಂದೆ ಅದೂ ಇಲ್ಲವೋ ಎಂದು ಒಳಗೊಳಗೇ ಅಳುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ಕಣ್ಣಿಗೆ ಉಷ್ಣ ಏರಿದೆಯೆಂದು ಎಣ್ಣೆ, ತುಪ್ಪ ಬಿಡಿಸಿ, ದಿನಾ ನುಗ್ಗೆಸೊಪ್ಪು ಬೇಯಿಸಿ ಬರೀ ಉಪ್ಪು ಹಾಕಿ ಬಡಿಸುತ್ತಿದ್ದರು. ಮನೆ ತುಂಬ ಎಣ್ಣೆ ಡಬ್ಬಿ, ನನ್ನ ತಟ್ಟೆಯಲ್ಲಿ ಮಾತ್ರ ತೊಟ್ಟೂ ಇಲ್ಲ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಟೀಚರಮ್ಮ ಮದ್ರಾಸಿನಲ್ಲಿ ಓದಿ ಬಂದವರು, ಹೆಣ್ಣುಮಕ್ಕಳ ಸಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದರು. ಒಂದು ಸಂಜೆ ಅಂಗಳದಲ್ಲಿ ನಾನು ಅವರಿಗೇ ಡಿಕ್ಕಿ ಹೊಡೆದೆ. ವಿಷಯ ಕೇಳಿಕೊಂಡು ಹೋದವರು ಮರುದಿನ ಬೆಳಿಗ್ಗೆ ಸೀದಾ ಅಡುಗೆಮನೆಗೆ ಬಂದು ಅತ್ತೆಯ ಹತ್ತಿರ ಎರಡು ಬಟ್ಟಲು ಕೇಳಿದರು. ಒಂದಕ್ಕೆ ಬಿಸಿನೀರು, ಒಂದಕ್ಕೆ ಬಿಸಿ ಎಣ್ಣೆ, ಎರಡಕ್ಕೂ ಚಿಟಿಕೆ ಖಾರದಪುಡಿ. ನೀರಿನಲ್ಲಿ ಪುಡಿ ತಳಕ್ಕೆ ಕೂತಿತು. ಎಣ್ಣೆ ಕುಂಕುಮದಂತಾಯಿತು.

“ಸೊಪ್ಪಿನಾಗಿನ ಕಣ್ಣಿನ ಸತ್ವಾನೂ ಹಿಂಗ ರೀ ಅಮ್ಮಾ. ಎಣ್ಣ್ಯಾಗ ಕರಗತೈತಿ, ನೀರಿನಾಗ ಕರಗಂಗಿಲ್ಲ. ಜಿಡ್ಡು ಇಲ್ದ ತಿಂದ್ರ ಮೈಗೆ ಹತ್ತಂಗಿಲ್ಲ,” ಎಂದರು.

ಅತ್ತೆ ಸುಲಭಕ್ಕೆ ಜಗ್ಗುವವರೇ? “ಬಸುರಿ ಹೆಣ್ಮಗಳು. ಉಷ್ಣ ಆಗಿ ಕೂಸಿಗೆ ಏನಾರ ಆದ್ರ?”

ಟೀಚರಮ್ಮ ತುರುಬಿನಿಂದ ಹೇರ್‌ಪಿನ್ನುಗಳನ್ನು ಕಿತ್ತು ನೆಲದ ಮೇಲೆ ಎರಡು ಸಾಲು ಜೋಡಿಸಿದರು. ತಲೆಗಳು ಹೊರಗೆ, ಕಾಲುಗಳು ಒಳಗೆ, ಕಾಲಿಗೆ ಕಾಲು ಎದುರು. ಇದು ಜಿಡ್ಡಿನ ಕಣ, ಇದರ ತಲೆಗೆ ನೀರು ಬೇಕು, ಕಾಲಿಗೆ ಬೇಡ, ಅದಕ್ಕೇ ಹೀಗೆ ಎರಡು ಸಾಲಾಗಿ ನಿಂತು ಗೋಡೆಯಾಗುತ್ತದೆ ಎಂದರು.

“ನಮ್ಮ ಮೈ ಅಂದ್ರ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳು ರೀ. ಒಂದೊಂದು ಗೂಡಿಗೂ ಇದೇ ಗೋಡಿ. ಒಳಗಿನ ಕೂಸು ಈಗ ಇದನ್ನ ಕಟ್ಟಾಕ ಹತ್ತೈತಿ. ಜಿಡ್ಡು ಕೊಡದಿದ್ರ ಎದ್ರಾಗ ಕಟ್ಟಬೇಕು?”

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಡಬ್ಬಿಯಲ್ಲಿ ಅಳೆದು ಮಾರುವ ಎಣ್ಣೆಗೆ ಇಷ್ಟು ದೊಡ್ಡ ಕೆಲಸವೇ... ಅತ್ತೆ ಎದ್ದು ಸೊಪ್ಪಿಗೆ ಎಣ್ಣೆ ಒಗ್ಗರಣೆ ಇಟ್ಟರು.

ಆಮೇಲೆ ಟೀಚರಮ್ಮ ದಿನಾ ಮುಚ್ಚಂಜೆಗೆ ಬಂದು ನನಗೆ ಕಾಣುತ್ತದೋ ಎಂದು ಎದುರು ನಿಲ್ಲುತ್ತಿದ್ದರು. ನನಗೆ ಕತ್ತಲೆಯೇ. ಕೆಲವು ವಾರ ಕಳೆದು ಒಂದು ಸಂಜೆ ಅಂದೆ: “ಟೀಚರಮ್ಮಾ, ನಿಮ್ಮ ಹಣಿಗೆ ಸೀಮೆಸುಣ್ಣ ಹತ್ತೈತ್ರಿ.”

ಅಷ್ಟು ಗಟ್ಟಿ ಹೆಂಗಸು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟರು. ಗುಣವಾಗುತ್ತದೋ ಇಲ್ಲವೋ ಎಂದು ಅವರಿಗೂ ಅಷ್ಟು ದಿನ ಭಯವಿತ್ತಂತೆ.

ಹೆರಿಗೆಗೆ ನಾನು ಸಿರಿಗೇರಿಗೆ ಹೋದೆ. ಬಾಣಂತನ ಮುಗಿಸಿ ಬರುವಷ್ಟರಲ್ಲಿ ಅವರಿಗೆ ಅನಂತಪುರದ ಕಡೆ ವರ್ಗವಾಗಿ, ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಅವರು ತೀರಿಕೊಂಡ ಸುದ್ದಿ ಬಂದದ್ದು ಬಹಳ ವರ್ಷಗಳ ಮೇಲೆ, ಯಾರದೋ ಬಾಯಿಂದ. ಆಗ ಹುಟ್ಟಿದ ನನ್ನ ಮಗಳಿಗೆ ಈಗ ತಲೆ ಪೂರ್ತಿ ನರೆತಿದೆ. ಅವಳು ಹುಟ್ಟುವ ಮೊದಲೇ ಅವಳ ಮೈಯೊಳಗನ್ನು ನನಗೆ ತೋರಿಸಿಕೊಟ್ಟವರು, ಅವಳ ಮುಖವನ್ನು ಒಮ್ಮೆಯೂ ನೋಡಲಿಲ್ಲ.