ಅತ್ತೆ ಕೌನ್ಸಿಲ್‌ನಲ್ಲಿ ಮಾತಾಡಿದ ಸಂಜೆ

ಅತ್ತೆಯ ಟಿಕೆಟ್ ಮೊದಲೇ ಬುಕ್ ಆಗಿತ್ತು. ನನ್ನ ಬಾಣಂತನ ಮಾಡಲು ಅವರು ಮೈಸೂರಿನಿಂದ ಬರುವವರಿದ್ದರು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತು ಎಂದು ಗಂಡ ಫೋನ್ ಮಾಡಿ ಹೇಳಿದಾಗ ಅವರು, ಟಿಕೆಟ್ ಕ್ಯಾನ್ಸಲ್ ಮಾಡಬೇಡ, ಹೆತ್ತವಳು ಬಾಣಂತಿಯೇ ತಾನೇ ಅಂದರಂತೆ. ಹಾಗೆ ಬಂದರು. ನನಗೆಂದು ಮಾಡಿ ತಂದಿದ್ದ ಅಂಟಿನುಂಡೆಯನ್ನು ಇಲ್ಲಿನ ಏರ್‌ಪೋರ್ಟ್‌ನಲ್ಲಿ ತಪಾಸಣೆಯವರು ತೆಗೆದು ಕಸದ ಡಬ್ಬಕ್ಕೆ ಹಾಕಿದ್ದರು. ಅವರು ಅದನ್ನೇ ಎರಡು ದಿನ ಹೇಳಿಕೊಂಡು ಬೇಸರಪಟ್ಟರು. ಬೇರೆ ಯಾವುದರ ಬಗ್ಗೆಯೂ ಮಾತಾಡಲಿಲ್ಲ.

ನಾವು ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಬಾಡಿಗೆಗಿದ್ದವರು, ಸಿಡ್ನಿಗೆ ಬಂದು ರೌಸ್ ಹಿಲ್ ದಾಟಿದ ಮೇಲೆ ಬರುವ ಒಂದು ಹೊಸ ಸಬರ್ಬ್‌ನಲ್ಲಿ ಮನೆ ಕಟ್ಟಿಸಿದ್ದೆವು. ಗಂಡನ ಕೆಲಸ ಮಾತ್ರ ಮೆಲ್ಬರ್ನ್ ಬಿಡಲಿಲ್ಲ. ಸೋಮವಾರ ವಿಮಾನ ಹತ್ತಿ ಹೋದರೆ ಶುಕ್ರವಾರ ಬರುತ್ತಿದ್ದ. ಎಳೆಯ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಅದನ್ನೆಲ್ಲ ಅವನೇ ನೋಡಿಕೊಂಡ. ನಾನಾಗ ಆಸ್ಪತ್ರೆಯಲ್ಲಿದ್ದೆ. ಸ್ಮಶಾನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಹೋಗಿರಲಿಲ್ಲ. ಹೋಗಬಾರದೆಂದೇನೂ ಅಂದುಕೊಂಡಿರಲಿಲ್ಲ, ಹೋಗಲಿಲ್ಲ ಅಷ್ಟೆ.

ಕೆಲವು ವಾರಗಳಲ್ಲೇ ಚಾಟ್ಸ್‌ವುಡ್‌ನ ಆಫೀಸಿಗೆ ವಾಪಸಾದೆ. ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ. ಬೇರೆಯವರ ತಪ್ಪು ಹುಡುಕಿ ಬರೆದಿಡುವುದು, ಅದಕ್ಕೆ ಮನಸ್ಸು ಬೇಕಾಗಿರಲಿಲ್ಲ. ಅಳು ಬರುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಪಕ್ಕದವನು ತನ್ನ ಭಾರದ ಬ್ಯಾಗನ್ನು ನನ್ನ ಪಾದದ ಮೇಲೆಯೇ ಇಟ್ಟ. ಇಳಿಯುವವರೆಗೂ ತೆಗೆಯಿರಿ ಎಂದು ಹೇಳಲಿಲ್ಲ. ನೋವಾಗುತ್ತಿದೆ ಎಂದು ಗೊತ್ತಿತ್ತು, ಆದರೆ ಅದು ಪಕ್ಕದ ಮನೆಯಲ್ಲಿ ರೇಡಿಯೋ ಕೇಳಿಸಿದ ಹಾಗೆ ಗೊತ್ತಾಗುತ್ತಿತ್ತು.

ಅತ್ತೆ ಬೆಳಿಗ್ಗೆ ಎದ್ದು ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು, ಸ್ಪೋರ್ಟ್ಸ್ ಶೂ ಕಟ್ಟಿಕೊಂಡು ವಾಕಿಂಗ್ ಹೋಗುತ್ತಿದ್ದರು. ಪಾರ್ಕಿಗೆ ಹೋಗುತ್ತಾರೆಂದುಕೊಂಡಿದ್ದೆ. ಬರುವಾಗ ಕೈಯಲ್ಲಿ ಸೊಪ್ಪೋ, ಹಸಿ ಅವರೆಯಂಥ ಕಾಯೋ ಇರುತ್ತಿತ್ತು. ರಸ್ತೆಯ ಕೊನೆಯಲ್ಲಿ ತರಕಾರಿ ಬೆಳೆಯುವ ಒಬ್ಬ ಮುದುಕಿಯಿದ್ದಳು, ಚಿಕ್ಕಂದಿನಲ್ಲೇ ಮಾಲ್ಟಾ ದೇಶದಿಂದ ಬಂದವಳು. ಅವಳು ಕೊಡುತ್ತಿದ್ದಳು. ಇಬ್ಬರಿಗೂ ಸಾಮಾನ್ಯವಾದ ಒಂದು ಭಾಷೆಯಿರಲಿಲ್ಲ. ಆದರೂ ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ಮಾತಾಡುತ್ತಿದ್ದರು.

ಆ ಮುದುಕಿ ಒಂದು ಶನಿವಾರ ನಮ್ಮ ಬಾಗಿಲಿಗೆ ಬಂದಳು. ಸ್ಮಶಾನದ ಆಚೆಗಿನ ಬಯಲಿನಲ್ಲಿ ಒಂದು ಕಂಪನಿಯವರು ಗ್ಯಾಸಿಗಾಗಿ ನೆಲ ಕೊರೆಯಲು ಬರುತ್ತಿದ್ದಾರೆ, ಮೊದಲು ಒಂದು ಬಾವಿ, ಸಿಕ್ಕರೆ ಇನ್ನೂ ಹಲವು, ಇಷ್ಟು ಮನೆಗಳ ನಡುವೆ ಇದೆಲ್ಲ ಬೇಕೇ, ಕೌನ್ಸಿಲ್ ಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಬರಬೇಕು ಎಂದಳು. ಆಗಲಿ ಅಂದೆ. ಆಗುವುದಿಲ್ಲ ಎನ್ನಲು ಒಂದು ಕಾರಣ ಹೇಳಬೇಕಾಗುತ್ತಿತ್ತು.

ಅವಳು ಹೋದ ಮೇಲೆ ಅತ್ತೆ ಕೇಳಿದರು, ‘ಅಲ್ಲಿ ಬೋರ್ ಹಾಕ್ತಾರಂತಲ್ಲಮ್ಮ?’

ನೀರಿಗಲ್ಲ, ಗ್ಯಾಸಿಗೆ ಎಂದೆ. ಅದೂ ಗೊತ್ತು ಎಂದರು. ಮುದುಕಿ ಅದನ್ನೂ ಕೈಸನ್ನೆಯಲ್ಲೇ ತಿಳಿಸಿದ್ದಳಂತೆ.

‘ಸಭೆಗೆ ನಾನೂ ಬರ್ತೀನಿ. ನಂಗೊಂದು ಮಾತು ಕೇಳೋದಿದೆ.’

‘ಅತ್ತೆ, ಅಲ್ಲಿ ಇಂಗ್ಲಿಷಲ್ಲಿ ಮಾತಾಡ್ಬೇಕು.’

‘ನೀನಿದೀಯಲ್ಲ.’

ಕೌನ್ಸಿಲ್‌ಗೆ ಫೋನ್ ಮಾಡಿದೆ. ಮನೆಯವರು ಯಾರಾದರೂ ಅನುವಾದ ಮಾಡುವುದಾದರೆ ಅಡ್ಡಿಯಿಲ್ಲ ಎಂದು ಅಲ್ಲಿನ ಹುಡುಗಿ ಅತ್ತೆಯ ಹೆಸರು ಬರೆದುಕೊಂಡಳು. ಏನು ಕೇಳುತ್ತೀರಿ ಎಂದು ನಾನು ಅತ್ತೆಯನ್ನು ಕೇಳಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದರ ಬಗ್ಗೆಯೂ ಕುತೂಹಲವಿರಲಿಲ್ಲ.

ಸಭೆಯ ಹಾಲ್ ತುಂಬಿ, ಹಿಂದೆ ಗೋಡೆಗೊರಗಿ ಜನ ನಿಂತಿದ್ದರು. ಕೌನ್ಸಿಲರ್‌ಗಳು ಅರ್ಧಚಂದ್ರದ ಹಾಗೆ ಕೂತಿದ್ದರು, ನಡುವೆ ಮೇಯರ್, ಕನ್ನಡಕ ಹಾಕಿದ ಹೆಂಗಸು. ಕಂಪನಿಯ ಕಡೆಯವನೊಬ್ಬ ನೀಲಿ ಸೂಟಿನಲ್ಲಿ ಮೊದಲ ಸಾಲಿನಲ್ಲಿದ್ದ. ಒಬ್ಬೊಬ್ಬರಿಗೂ ಕೆಲವೇ ನಿಮಿಷ, ಆಮೇಲೆ ಗಂಟೆ. ಒಬ್ಬ ತನ್ನ ಮನೆಯ ಬೆಲೆ ಬಿದ್ದುಹೋಗುತ್ತದೆ ಎಂದ. ಒಬ್ಬಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದು ನೀರಿನ ಬಗ್ಗೆ ಕೇಳಿದಳು. ನಾನು ಆ ಮಗುವಿನ ಸಾಕ್ಸ್ ನೋಡುತ್ತಿದ್ದೆ, ಒಂದು ಜಾರಿ ಬೀಳುವುದರಲ್ಲಿತ್ತು. ಮಾಲ್ಟಾದ ಮುದುಕಿ ತಡವರಿಸುತ್ತಾ ಓದಿದಳು, ಚಪ್ಪಾಳೆ ಜೋರಾಗಿ ಬಿತ್ತು. ಆಮೇಲೆ ಅತ್ತೆಯ ಹೆಸರು ಕರೆದರು. ಹೆಸರು ಪೂರಾ ತಪ್ಪಾಗಿತ್ತು.

ಮೈಕಿನ ಮುಂದೆ ಅತ್ತೆ ಸೆರಗು ಸರಿಮಾಡಿಕೊಂಡು ಕೈಮುಗಿದರು. ಪಕ್ಕದಲ್ಲಿ ನಾನು ನಿಂತೆ.

‘ನಾನು ಈ ಊರಿನವಳಲ್ಲ. ಮುಂದಿನ ತಿಂಗಳು ಹೊರಟುಹೋಗ್ತೀನಿ. ನಿಮ್ಮ ಗ್ಯಾಸಿನ ವಿಷಯ ನಂಗೆ ಅರ್ಥವಾಗಲ್ಲ.’ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕೆಲವರು ನಕ್ಕರು.

‘ದಿನಾ ಬೆಳಿಗ್ಗೆ ಆ ಸ್ಮಶಾನಕ್ಕೆ ಹೋಗ್ತೀನಿ. ಅಲ್ಲಿ ನನ್ನ ಮೊಮ್ಮಗಳು ಮಲಗಿದಾಳೆ.’

ನಾನು ಅವರ ಮುಖ ನೋಡಿದೆ. ಅವರು ಮೇಯರ್ ಕಡೆಗೇ ನೋಡುತ್ತಿದ್ದರು. ಜನ ಕಾಯುತ್ತಿದ್ದರು. ಇವರು ಪ್ರತಿದಿನ ಸ್ಮಶಾನಕ್ಕೆ ಹೋಗುತ್ತಾರೆ, ಇವರ ಮೊಮ್ಮಗಳನ್ನು ಅಲ್ಲಿ ಮಣ್ಣು ಮಾಡಿದ್ದಾರೆ ಎಂದು ಹೇಳಿದೆ.

‘ನನ್ನ ಸೊಸೆ ಹೊತ್ತು ಹೆತ್ತ ಮಗು. ಉಸಿರಾಡಲಿಲ್ಲ.’

ಇವರ ಸೊಸೆಯ ಮಗು, ಹುಟ್ಟಿದಾಗ ಉಸಿರಿರಲಿಲ್ಲ ಎಂದೆ. ಮುಚ್ಚಿಡಬೇಕೆಂದು ಹಾಗೆ ಹೇಳಿದ್ದಲ್ಲ. ಅವರ ಮಾತಿಗೆ ಅದೇ ಸರಿಯಾದ ಅನುವಾದವಾಗಿತ್ತು. ನನ್ನ ದನಿ ನಡುಗಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಮಾತಾಡುವ ಅದೇ ದನಿ.

‘ಮಿಷನ್ನು ನೇರ ಕೆಳಗಿಳಿದು ಆಮೇಲೆ ಅಡ್ಡಡ್ಡ ಕೊರಕೊಂಡು ಹೋಗುತ್ತಂತೆ. ಮಗು ಮಲಗಿರೋ ಜಾಗದ ಕೆಳಗೆ ಅದು ಹೋಗುತ್ತಾ, ಇಲ್ವಾ? ಅದೊಂದು ಹೇಳಿ ಸಾಕು.’

ಅಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿಯಿರಲಿಲ್ಲವೇನೋ, ಮೇಯರ್ ಪಕ್ಕದವರ ಜೊತೆ ಪಿಸುಗುಟ್ಟಿ, ಆಮೇಲೆ ಕಂಪನಿಯವನನ್ನು ಕೇಳಿದರು. ಅವನು ಎದ್ದು, ಕೊರೆಯುವುದು ತುಂಬ ಆಳದಲ್ಲಿ, ಮೇಲೆ ಯಾರಿಗೂ ಏನೂ ಗೊತ್ತಾಗುವುದೇ ಇಲ್ಲ ಎಂದ. ಸೌಜನ್ಯದಿಂದಲೇ ಹೇಳಿದ. ನಾನದನ್ನು ಕನ್ನಡದಲ್ಲಿ ಹೇಳಿದೆ.

‘ನಾನು ಕೇಳಿದ್ದು ಅದಲ್ಲ ಅಂತ ಹೇಳಮ್ಮ. ಹೋಗುತ್ತಾ, ಇಲ್ವಾ?’

ಅವನು ತನ್ನ ಶೂ ನೋಡಿಕೊಂಡು, ಹೋಗಬಹುದು ಎಂದ. ಗಂಟೆ ಬಾರಿಸುವ ಹೊತ್ತು ಮೀರಿತ್ತು, ಯಾರೂ ಬಾರಿಸಲಿಲ್ಲ.

ಮೇಯರ್ ಕನ್ನಡಕ ತೆಗೆದು ನನ್ನತ್ತ ಬಾಗಿದರು. ಆ ಸೊಸೆಗೆ ನಮ್ಮೆಲ್ಲರ ಸಂತಾಪವನ್ನು ದಯವಿಟ್ಟು ತಿಳಿಸಿ ಎಂದರು. ಖಂಡಿತ ತಿಳಿಸುತ್ತೇನೆ ಎಂದೆ.

ನಮ್ಮ ಕುರ್ಚಿಗೆ ಬಂದ ಮೇಲೆ ಅತ್ತೆ ಕೇಳಿದರು, ‘ಕೊನೇಲಿ ಆಯಮ್ಮ ಏನಂದ್ರು?’

‘ನಿಮ್ಮ ಸೊಸೆಗೆ ಸಂತಾಪ ತಿಳಿಸಿ ಅಂದ್ರು.’

ಅವರು ನನ್ನ ಕೈಯನ್ನು ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಸಭೆ ಮುಗಿಯುವವರೆಗೂ ಬಿಡಲಿಲ್ಲ. ಕೈ ಬೆವರಿತು, ನಾನೂ ತೆಗೆಯಲಿಲ್ಲ.

ಕೌನ್ಸಿಲರ್‌ಗಳೆಲ್ಲ ವಿರೋಧಕ್ಕೆ ಕೈ ಎತ್ತಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಅನುಮತಿ ಕೊಡುವುದು, ಬಿಡುವುದು ರಾಜ್ಯ ಸರ್ಕಾರದ ಕೈಯಲ್ಲಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ಆಫೀಸಿಗೆ ರಜೆ ಹಾಕಿದೆ. ಅತ್ತೆ ಹೊರಡುವಾಗ ನಾನೂ ಶೂ ಹಾಕಿಕೊಂಡೆ. ಅವರು ಬಾಗಿಲಲ್ಲಿ ನಿಂತು ಕಾದರು. ಮಕ್ಕಳ ಭಾಗ ಸ್ಮಶಾನದ ಒಂದು ಮೂಲೆಯಲ್ಲಿತ್ತು. ಇಬ್ಬನಿಗೆ ಹುಲ್ಲು ಒದ್ದೆಯಾಗಿತ್ತು. ಚಿಕ್ಕದೊಂದು ಲೋಹದ ಫಲಕ, ಅದರ ಮೇಲೆ ನಮ್ಮ ಮನೆತನದ ಹೆಸರು. ಮುದುಕಿ ಕೊಟ್ಟ ಹೂವಿನ ಗಿಡವೊಂದನ್ನು ಅತ್ತೆ ಪಕ್ಕದಲ್ಲಿ ನೆಟ್ಟಿದ್ದರು. ಏನಾದರೂ ಆಗುತ್ತದೆಂದು ಕಾದೆ. ಸಾಕ್ಸ್ ಒದ್ದೆಯಾಯಿತು. ಅತ್ತೆ ಬಗ್ಗಿ ಕಳೆ ಕೀಳುತ್ತಾ, ‘ನಿಮ್ಮಮ್ಮ ಬಂದಿದಾಳೆ ನೋಡು’ ಎಂದು ನೆಲಕ್ಕೆ ಹೇಳಿದರು, ಮನೆಗೆ ಬಂದವರ ಸುದ್ದಿ ಒಳಗೆ ಹೇಳುವ ಹಾಗೆ. ಆಮೇಲೆ ಅವರು ಊರಿಗೆ ಹೊರಡುವವರೆಗೂ ರಜೆಯ ದಿನಗಳಲ್ಲಿ ಜೊತೆಗೆ ಹೋದೆ.

ಸರ್ಕಾರ ಅನುಮತಿ ಕೊಟ್ಟಿತು. ಬಯಲಿಗೆ ಬೇಲಿ ಹಾಕಿ, ಎತ್ತರದ ಯಂತ್ರ ನಿಲ್ಲಿಸಿದರು. ಅದರ ಸದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಶನಿವಾರ ಬೆಳಿಗ್ಗೆ ಜನ ಬೋರ್ಡು ಹಿಡಿದು ಗೇಟಿನ ಮುಂದೆ ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಸುಮ್ಮನೆ ನಿಂತರೆ ಸಾಕಾಗಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಮಾಲ್ಟಾದ ಮುದುಕಿ ಫ್ಲಾಸ್ಕಿನಲ್ಲಿ ಚಹಾ ತಂದು ಮೊದಲು ನನಗೆ ಕೊಡುತ್ತಿದ್ದಳು.

ಅಷ್ಟರಲ್ಲಿ ಗಂಡನ ಕೆಲಸ ಮೆಲ್ಬರ್ನಿನಲ್ಲೇ ಖಾಯಂ ಆಯಿತು. ಮನೆ ಬಾಡಿಗೆಗೆ ಕೊಟ್ಟು ಮತ್ತೆ ಡ್ಯಾಂಡಿನಾಂಗ್‌ಗೆ ಹೋದೆವು. ಒಂದು ಮಧ್ಯಾಹ್ನ ಅಲ್ಲಿನ ಮಾರ್ಕೆಟ್ಟಿನಲ್ಲಿ ಹಾಗಲಕಾಯಿ ಆರಿಸುತ್ತಿದ್ದಾಗ ಮುದುಕಿಯ ಫೋನ್ ಬಂತು. ಸಾಕಾಗುವಷ್ಟು ಗ್ಯಾಸ್ ಸಿಕ್ಕಲಿಲ್ಲವಂತೆ. ಬಾವಿಗೆ ಸಿಮೆಂಟ್ ತುಂಬಿ ಯಂತ್ರ ಎತ್ತಿಕೊಂಡು ಹೋದರಂತೆ. ಅಡ್ಡಡ್ಡ ಕೊರೆಯುವ ಹಂತಕ್ಕೆ ಅವರು ಹೋಗಲೇ ಇಲ್ಲವಂತೆ. ನಾವು ಗೆದ್ದೆವು ಎಂದಳು. ನಾವು ಗೆದ್ದೆವೋ, ಅಲ್ಲಿ ಗ್ಯಾಸೇ ಇರಲಿಲ್ಲವೋ ಗೊತ್ತಿಲ್ಲ, ಆದರೆ ಹೌದು ಎಂದೆ.

ಮನೆಗೆ ಬಂದು ಮೈಸೂರಿಗೆ ಫೋನ್ ಮಾಡಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ‘ಹೋದ್ರಾ, ಸರಿ ಬಿಡು’ ಎಂದರು. ಆಮೇಲೆ ಅಡುಗೆ ಏನು ಎಂದು ಕೇಳಿದರು.

ಗಂಡ ಬಂದಾಗ ಅವನಿಗೂ ಹೇಳಿದೆ, ಕಂಪನಿಯವರು ಮಗುವಿನ ಕೆಳಗೆ ಕೊರೆಯಲಿಲ್ಲವಂತೆ ಎಂದು. ಅವನು ಟಿವಿ ಸೌಂಡ್ ಕಡಿಮೆ ಮಾಡಿ, ಇನ್ನೊಂದು ಸಲ ಹೇಳು ಎಂದ. ಇನ್ನೊಂದು ಸಲ ಹೇಳಿದೆ.